ಝೇವಿಯರ್ ಶಾಲೆಯಲ್ಲಿ ನಿಜವಾಗಿ ಮೇಷ್ಟ್ರಾಗಿದ್ದವರು ಯಾರು?

ಹಳೇಸಂಚಿಕೆ:
ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವ ಮ್ಯೂಟಂಟ್‌ಗಳ ಮಾರ್ವೆಲ್ ಕಾಮಿಕ್ಸ್ ಎಕ್ಸ್-ಮೆನ್ ಮಾತು ಬಂದಾಗಲೆಲ್ಲ "ಪ್ರೊಫೆಸರ್ ಝೇವಿಯರ್‌ನಂಥ ಗುರು ಸಿಗಲ್ಲ" ಅನ್ನುವವರು ಒಬ್ಬರಾದರೂ ಇರುತ್ತಾರೆ. ಇಲ್ಲೇ ಇನ್ನೊಂದು ಚರ್ಚೆಯಲ್ಲಿ ಆ ಮಾತು ಬಂತು. ವಿಷಯಾಂತರ ಆಗುತ್ತೆ ಅಂತ ಸುಮ್ಮನಿದ್ದೆ, ಈಗ ಬಿಚ್ಚಿ ಹೇಳ್ತೀನಿ. ನನ್ನ ಪ್ರಕಾರ ಮ್ಯೂಟಂಟ್ ಮಕ್ಕಳಿಗೆ ಶಾಲೆ ತೆರೆದ ಆ ಮನುಷ್ಯ ಒಳ್ಳೇ ಸಂಘಟಕ, ಒಳ್ಳೇ ಭಾಷಣಕಾರ. ಮೇಷ್ಟ್ರು ಅಂತ ಒಪ್ಪೋದು ಕಷ್ಟ.

1963ರ ಸೆಪ್ಟೆಂಬರಿನ ಮೊದಲ ಸಂಚಿಕೆಯನ್ನೇ ತಗೊಳ್ಳಿ. ಸ್ಟಾನ್ ಲೀ, ಜ್ಯಾಕ್ ಕರ್ಬಿ ಮಾಡಿದ್ದು. ನ್ಯೂಯಾರ್ಕಿನ ವೆಸ್ಟ್‌ಚೆಸ್ಟರ್‌ನಲ್ಲಿ ಒಂದು ಬಂಗಲೆ, ಹೊರಗಿನವರಿಗೆ ಅದು ಪ್ರತಿಭಾವಂತ ಮಕ್ಕಳ ಖಾಸಗಿ ಶಾಲೆ. ಜೀನ್ ಗ್ರೇ ಆ ಶಾಲೆಗೆ ಸೇರುವ ಸಂಚಿಕೆಯಲ್ಲೇ ಲೋಹವನ್ನು ಆಡಿಸಬಲ್ಲ ಖಳ ಮ್ಯಾಗ್ನೆಟೋ ಒಂದು ಸೇನಾನೆಲೆ ಹಿಡಿಯುತ್ತಾನೆ, ಝೇವಿಯರ್ ಐದೂ ಮಕ್ಕಳನ್ನು ಅಲ್ಲಿಗೆ ಅಟ್ಟುತ್ತಾನೆ. ಹೊಸ ಹುಡುಗಿಗೆ ಊಟದ ಮನೆ ಎಲ್ಲಿದೆ ಅಂತ ತೋರಿಸುವಷ್ಟಾದರೂ ತಾಳ್ಮೆ ಬೇಡವೇ?

ಆಮೇಲೆ 1968ರಲ್ಲಿ 42ನೇ ಸಂಚಿಕೆ. ಪ್ರೊಫೆಸರ್ ಸತ್ತ. ಮಕ್ಕಳು ಅತ್ತರು. 1970ರ 65ನೇ ಸಂಚಿಕೆಗೆ ಬಂದರೆ ಸತ್ತಿದ್ದು ಅವನ ವೇಷ ಹಾಕಿದ್ದ ಚೇಂಜ್‌ಲಿಂಗ್ ಎಂಬ ಇನ್ನೊಬ್ಬ ಮ್ಯೂಟಂಟ್ ಅಂತ ಗೊತ್ತಾಗುತ್ತೆ. ಅನ್ಯಗ್ರಹದವರ ದಾಳಿ ಎದುರಿಸಲು ತಯಾರಿ ಅಂತ ಇವನು ಅದೇ ಮನೆಯ ನೆಲಮಾಳಿಗೆಯಲ್ಲಿ ಕೂತಿದ್ದ! ಗುಟ್ಟು ಜೀನ್ ಒಬ್ಬಳಿಗೇ ಗೊತ್ತಿತ್ತು. ಉಳಿದ ನಾಲ್ವರು ಮೇಲಿನ ಮಹಡಿಯಲ್ಲಿ ದುಃಖ ಪಡುತ್ತಿರಲಿ, ಪರವಾಗಿಲ್ಲ.

ನನ್ನ ಅಳತೆಗೋಲು ಇಷ್ಟೇ. ಮಕ್ಕಳಿಗೆ ಏಟು ಬಿದ್ದ ಮೇಲೆ ದೊಡ್ಡವರು ಏನು ಮಾಡಿದರು? ಆ ಲೆಕ್ಕ ಹಿಡಿದರೆ ಆ ಶಾಲೆಯನ್ನು ನಡೆಸಿದವರಲ್ಲಿ ಪ್ರಾಮಾಣಿಕ ಅನ್ನಿಸುವವನು, ಮುಂದೆ ಅಲ್ಲೇ ಹೆಡ್‌ಮಾಸ್ಟರ್ ಆದ ಮ್ಯಾಗ್ನೆಟೋ. ಹೌದು, ಅವನೇ. ಈಗ ಬೈಯಿರಿ.

ಕೆಂಪುಕನ್ನಡಕ:
ಬೈಯಲ್ಲ ಸರ್, ಆದ್ರೆ ಅಳತೆಗೋಲೇ ಡೊಂಕು. ಅರವತ್ತರ ದಶಕದ ಕಾಮಿಕ್ಸ್‌ನಲ್ಲಿ ಎಲ್ಲ ಹದಿಹರೆಯದವರೂ ಹೊಡೆದಾಟಕ್ಕೇ ಹೋಗ್ತಿದ್ರು. ಮಾರಾಟ ಆಗ್ತಿದ್ದಿದ್ದೇ ಅದು. ಮಕ್ಕಳು ಕೂತು ಹೋಂವರ್ಕ್ ಮಾಡೋ ಪುಸ್ತಕಕ್ಕೆ ಯಾರು ಹನ್ನೆರಡು ಸೆಂಟ್ ಕೊಡ್ತಾರೆ? ಇನ್ನು ಆ ಸತ್ತು ಬದುಕಿದ ಕಥೆ. ಅವನನ್ನ ಕೊಂದಿದ್ದೂ ಬದುಕಿಸಿದ್ದೂ ಬರಹಗಾರರು, ಪಾತ್ರದ ತಲೆಗೆ ಕಟ್ಟಿದ್ದು ನಾವು.

ಝೇವಿಯರ್ ಪರವಾಗಿ ಒಂದೇ ಮಾತು. ಕಣ್ಣು ಬಿಟ್ಟರೆ ಎದುರಿಗಿದ್ದದ್ದು ಪುಡಿಯಾಗುವ ಅನಾಥ ಹುಡುಗ ಸ್ಕಾಟ್‌ನ ಬೇರೆ ಯಾರು ಮನೆಗೆ ಕರ್ಕೊಳ್ತಿದ್ರು? ಅದೊಂದಕ್ಕೇ ನಾನು ಅವನಿಗೆ ಪಾಸ್ ಮಾರ್ಕ್ಸ್ ಕೊಡ್ತೀನಿ.

ಹಳೇಸಂಚಿಕೆ:
ಮನೆಗೆ ಕರೆದುಕೊಂಡ, ಸರಿ. 1975ರಲ್ಲಿ ಲೆನ್ ವೀನ್, ಡೇವ್ ಕಾಕ್ರಮ್ ಹೊಸ ತಂಡ ಕಟ್ಟಿದರಲ್ಲ, ಆಗ ಜಾನ್ ಪ್ರೌಡ್‌ಸ್ಟಾರ್‌ನನ್ನು ಕರೆದಿದ್ದು ಹೇಗೆ ಅಂತ ನೆನಪಿದೆಯಾ? ಅಪಾಚೆ ಹುಡುಗನ ಸ್ವಾಭಿಮಾನ ಕೆಣಕಿ ಕರೆದ. ಅದೇ ವರ್ಷ 95ನೇ ಸಂಚಿಕೆಯಲ್ಲಿ ಆ ಹುಡುಗ ಖಳ ಕೌಂಟ್ ನೆಫೇರಿಯಾನ ವಿಮಾನದ ಮೇಲೆ ಕೂತು ಗುದ್ದುತ್ತಾ ಸತ್ತ. ಬಿಟ್ಟು ಹಾರು ಅಂತ ಝೇವಿಯರ್ ತನ್ನ ಮನಶ್ಶಕ್ತಿಯಿಂದ ಆ ಹುಡುಗನ ತಲೆಯೊಳಗೇ ಕೂಗಿದ್ದು ನಿಜ. ಕೆಣಕಿ ಕರೆತಂದವನು ಕೊನೇ ಗಳಿಗೆಯಲ್ಲಿ ಕೂಗಿದರೆ ಯಾವ ಹುಡುಗ ಕೇಳುತ್ತಾನೆ?

ಗೋಡೆದಾಟು:
ಇಬ್ಬರೂ ಗಂಡುಮಕ್ಕಳ ಕಥೆಯಲ್ಲೇ ಸುತ್ತುತ್ತಿದ್ದೀರಿ. ನಾನು ಗೋಡೆಯೊಳಗಿಂದಲೇ ಹಾದುಹೋಗುವ ಕಿಟ್ಟಿ ಪ್ರೈಡ್ ಪಾರ್ಟಿ, ಹೆಸರು ನೋಡಿದರೇ ಗೊತ್ತಾಗುತ್ತೆ. ಈ ಚರ್ಚೆಗೆ ಬೇಕಾದ್ದೆಲ್ಲ 129ನೇ ಸಂಚಿಕೆಯಲ್ಲೇ ಇದೆ, ಜನವರಿ 1980, ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಾನ್ ಬರ್ನ್.

ಇಲಿನಾಯ್ ರಾಜ್ಯದ ಡೀರ್‌ಫೀಲ್ಡ್, ಸಾಧಾರಣ ಮನೆ. ಹದಿಮೂರೂವರೆ ವರ್ಷದ ಹುಡುಗಿಗೆ ತಲೆ ಸಿಡಿದುಹೋಗುವಷ್ಟು ನೋವು. ಅಪ್ಪ ಅಮ್ಮನ ಸಂಸಾರ ಬಿರುಕು ಬಿಟ್ಟಿದೆ, ಅದೂ ಅವಳಿಗೆ ಗೊತ್ತು. ಕೆಳಗೆ ಹಜಾರದಲ್ಲಿ ಬಿಳಿ ಬಟ್ಟೆಯ ಎಮ್ಮಾ ಫ್ರಾಸ್ಟ್, ಎಕ್ಸ್-ಮೆನ್ ತಂಡದ ವೈರಿ ಹೆಲ್‌ಫೈರ್ ಕ್ಲಬ್ಬಿನವಳು, ಕೂತು ನಮ್ಮ ಮ್ಯಾಸಚೂಸೆಟ್ಸ್ ಅಕಾಡೆಮಿಗೆ ಕಳಿಸಿ ಅಂತ ಒಪ್ಪಿಸುತ್ತಿದ್ದಾಳೆ. ಅವಳು ಆಚೆ ಹೋಗುತ್ತಿದ್ದ ಹಾಗೆ ಝೇವಿಯರ್ ಬಾಗಿಲಿಗೆ ಬರುತ್ತಾನೆ. ಎಮ್ಮಾ ಮತ್ತು ಕಿಟ್ಟಿ ಇಬ್ಬರೂ ಮೊದಲ ಸಲ ಕಾಣಿಸಿಕೊಳ್ಳುವುದು ಇದೇ ಸಂಚಿಕೆಯಲ್ಲಿ. ಒಂದೇ ಹುಡುಗಿಗೆ ಎರಡು ಶಾಲೆಯವರು, ಎರಡೂ ಕಡೆ ನಗುಮುಖ. ಇಬ್ಬರಲ್ಲಿ ಒಬ್ಬರೂ ಹುಡುಗಿಗೆ ತನ್ನೊಳಗೆ ಏನಾಗುತ್ತಿದೆ ಅಂತ ಮೊದಲು ಹೇಳುವುದಿಲ್ಲ. ಅವಳು ಮಹಡಿಯ ನೆಲದ ಮೂಲಕವೇ ಕೆಳಗಿನ ಕೋಣೆಗೆ ಬಿದ್ದಿದ್ದಾಳೆ, ಆದರೂ!

ಅವಳಿಗೆ ಹತ್ತಿರವಾದದ್ದು ಯಾರು? ಎಕ್ಸ್-ಮೆನ್ ತಂಡದ ಓರೋರೋ. ಜ್ಯೂಸ್ ಅಂಗಡಿಯಂಥ ಕಡೆ ಕರೆದುಕೊಂಡು ಹೋಗಿ ಜೊತೆಗೆ ಕೂತು ಮಾತಾಡಿದಳು, ಅಷ್ಟೇ. ತಂಡದ ಲೋಗನ್ (ವುಲ್ವರಿನ್), ಕೊಲೊಸಸ್ ಕೂಡ ಜೊತೆಗಿದ್ದರು. ಅದೇ ಹೊತ್ತಿಗೆ ಪ್ರೊಫೆಸರ್ ಅಪ್ಪ ಅಮ್ಮನ ಜೊತೆ ಅಡ್ಮಿಶನ್ ಮಾತುಕತೆಯಲ್ಲಿದ್ದ.

ಮುಂದೆ 131ರಲ್ಲಿ ಇನ್ನೊಂದು ಇದೆ. ಮಗಳನ್ನು ಅಪಾಯಕ್ಕೆ ಒಡ್ಡಿದರು ಅಂತ ತಂದೆ ತಾಯಿ ಕೆಂಡವಾಗಿದ್ದಾಗ ಜೀನ್ ತನ್ನ ಮನಶ್ಶಕ್ತಿಯಿಂದ ಅವರ ಸಿಟ್ಟನ್ನೇ ಅಳಿಸಿಬಿಡುತ್ತಾಳೆ. ಸ್ಕಾಟ್‌ಗೆ ಕಸಿವಿಸಿ ಆಗುತ್ತೆ, ಮಿಕ್ಕವರಿಗೆ ಏನೂ ಅನ್ನಿಸಿದಂತೆ ಕಾಣಲ್ಲ. ಆ ಶಾಲೆಗೆ ಪೋಷಕರ ಒಪ್ಪಿಗೆ ಸಿಕ್ಕಿದ್ದು ಹೀಗೆ.

ಧಾರವಾಡಪೇಡೆ:
ಅಕ್ಕಾರ, ಭಾಳ ಛಲೋ ಹೇಳಿದ್ರಿ. ಇಷ್ಟ್ ದಿನ ಆ ಸಂಚಿಕೆ ಹೆಲ್‌ಫೈರ್ ಕ್ಲಬ್ಬಿನ ಸಲುವಾಗಿ ಓದತಿದ್ದೆ, ಹುಡುಗಿ ಕಡೆ ಲಕ್ಷ್ಯನ ಇರಲಿಲ್ಲ.

ಮ್ಯಾಗ್ನೆಟೋ ಬಗ್ಗೆ ನಂದೊಂದು. 1981ರ 150ನೇ ಸಂಚಿಕಿ ಓದ್ರಿ. ಅಂವನ ಯಂತ್ರ ಕೆಡಸಾಕ ಕಿಟ್ಟಿ ಹೋಗ್ತಾಳ. ಇಂವಾ ಸಿಟ್ಟಿನಾಗ ಹೊಡೀತಾನ. ಹುಡುಗಿ ಬಿದ್ದ ಮ್ಯಾಲ ಹತ್ರ ಬಂದ್ ನೋಡಿದ್ರ, ಇನ್ನೂ ಕೂಸು! ಆಶ್ವಿಟ್ಜ್ ಕಂಡು ಬದುಕಿ ಬಂದ ಮನಷಾ, ತನ್ನ ಕೈಯಿಂದನ ಒಂದು ಮಗು ಸತ್ತಿತೇನೋ ಅಂತ ನಡಗತಾನ. ಅಲ್ಲಿಗೆ ಅಂವನ ಯುದ್ಧ ನಿಂತಿತು. ಝೇವಿಯರ್ ಹಂಗ ನಡಗಿದ್ದು ನಾ ಎಲ್ಲೂ ಕಂಡಿಲ್ರಿ.

ಮತ್ತ 199ರಾಗ ಅದ ಕಿಟ್ಟಿ, ಅದ ಮ್ಯಾಗ್ನೆಟೋ, ಇಬ್ಬರೂ ಕೂಡೆ ವಾಷಿಂಗ್ಟನ್ನಿಗೆ ಹೋಗಿ ಯಹೂದಿ ಹತ್ಯಾಕಾಂಡದಾಗ ಸತ್ತವರ ಸ್ಮರಣೆಯೊಳಗ ಕುಂದರತಾರ. ಒಮ್ಮೆ ಕೊಲ್ಲಾಕ ಹೋಗಿದ್ದ ಹುಡುಗಿ ಪಕ್ಕಕ್ಕ. ಅಂವನ್ನ ಅರೆಸ್ಟ್ ಮಾಡಿದ್ದೂ ಅಲ್ಲೇ.

ಈಗಷ್ಟೇಬಂದೆ:
ಎಲ್ಲರಿಗೂ ನಮಸ್ತೆ. ನಾನು ಕಾಮಿಕ್ಸ್ ಓದಿಲ್ಲ, 2024ರಲ್ಲಿ ಬಂದ ಎಕ್ಸ್-ಮೆನ್ 97 ಕಾರ್ಟೂನ್ ಸರಣಿ ಮಾತ್ರ ನೋಡಿದೀನಿ. ಅದರಲ್ಲಿ ಝೇವಿಯರ್ ಉಯಿಲು ಬರೆದು ಎಲ್ಲವನ್ನೂ ಮ್ಯಾಗ್ನೆಟೋಗೆ ಬಿಟ್ಟುಹೋಗ್ತಾನಲ್ಲ, ಕಾಮಿಕ್ಸ್‌ನಲ್ಲೂ ಹಾಗೇನಾ? ಸ್ಪಾಯ್ಲರ್ ಆದ್ರೂ ಪರವಾಗಿಲ್ಲ.

ಹಳೇಸಂಚಿಕೆ:
ಬನ್ನಿ ಬನ್ನಿ. ನಲವತ್ತು ವರ್ಷ ಹಳೇ ಕಥೆಗೆ ಸ್ಪಾಯ್ಲರ್ ಎಲ್ಲಿಂದ ಬಂತು. ಕಾಮಿಕ್ಸ್‌ನಲ್ಲಿ ಉಯಿಲಿಲ್ಲ, ಬಾಯಿಮಾತು. 200ನೇ ಸಂಚಿಕೆ, ಡಿಸೆಂಬರ್ 1985. ಪ್ಯಾರಿಸ್‌ನಲ್ಲಿ ಮ್ಯಾಗ್ನೆಟೋ ಮೇಲೆ ವಿಚಾರಣೆ ನಡೀತಿದೆ. ಮಧ್ಯೆ ದಾಳಿ ಆಗುತ್ತೆ, ಝೇವಿಯರ್ ಸಾಯೋ ಸ್ಥಿತಿಗೆ ಬರುತ್ತಾನೆ. ಚಿಕಿತ್ಸೆಗೆ ಅವನನ್ನು ಬಾಹ್ಯಾಕಾಶಕ್ಕೆ ಒಯ್ಯುವ ಮುಂಚೆ ಹಳೇ ಗೆಳೆಯ ಮ್ಯಾಗ್ನೆಟೋನ ಕೈಹಿಡಿದು ಶಾಲೆ ನೀನೇ ನೋಡಿಕೋ ಅನ್ನುತ್ತಾನೆ. ಮುಂದಿನ ತಿಂಗಳೇ, ಶಾಲೆಯ ಕಿರಿಯ ಮಕ್ಕಳ ಪುಸ್ತಕ ನ್ಯೂ ಮ್ಯೂಟಂಟ್ಸ್ 35ನೇ ಸಂಚಿಕೆಯಲ್ಲಿ ಅವನು ಹೆಡ್‌ಮಾಸ್ಟರ್ರು. ಮಕ್ಕಳಿಗೆ ಒಪ್ಪಿಗೆ ಇತ್ತಾ ಅಂತ ಯಾರೂ ಕೇಳಲಿಲ್ಲ.

ಮೇಷ್ಟ್ರು72:
ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವನು, ಹದಿಮೂರು ಹದಿನಾಲ್ಕರ ಮಕ್ಕಳು ದಿನಾ ಕಣ್ಣೆದುರಿಗಿರುತ್ತಾರೆ. ಆ ದೃಷ್ಟಿಯಿಂದ ನಾಲ್ಕು ಮಾತು.

ನ್ಯೂ ಮ್ಯೂಟಂಟ್ಸ್ ಶುರುವಾದದ್ದು 1982ರಲ್ಲಿ ಗ್ರಾಫಿಕ್ ನಾವೆಲ್ ಆಗಿ, ಕ್ಲೇರ್‌ಮಾಂಟ್ ಮತ್ತು ಬಾಬ್ ಮೆಕ್‌ಲಾಯ್ಡ್. ಕೆಂಟಕಿಯ ಕಲ್ಲಿದ್ದಲು ಗಣಿಯಿಂದ ಬಂದ ಸ್ಯಾಮ್ ಗಥ್ರಿ, ಷೈಯೆನ್ ಬುಡಕಟ್ಟಿನ ಡ್ಯಾನಿ ಮೂನ್‌ಸ್ಟಾರ್, ಸ್ಕಾಟ್ಲೆಂಡಿನ ರೇನ್ ಸಿಂಕ್ಲೇರ್, ಬ್ರೆಜಿಲಿನ ರಾಬರ್ಟೋ, ವಿಯೆಟ್ನಾಮಿನ ಕರ್ಮಾ. ಇವರು ವಿದ್ಯಾರ್ಥಿಗಳು, ಹೋರಾಟಕ್ಕೆ ಇಳಿಸುವುದಿಲ್ಲ ಎಂಬ ಮಾತಿನ ಮೇಲೆ ಸೇರಿಸಿಕೊಂಡದ್ದು. ಆದರೆ ಆ ಹೊತ್ತಿಗೆ ಝೇವಿಯರ್‌ನ ದೇಹದೊಳಗೆ ಬ್ರೂಡ್ ಎಂಬ ಅನ್ಯಗ್ರಹ ಜೀವಿಯ ಮೊಟ್ಟೆ ಇತ್ತು. ಮಕ್ಕಳನ್ನು ಒಟ್ಟುಗೂಡಿಸುವ ಆತುರದ ಹಿಂದೆ ಅದರ ಕೈವಾಡವಿತ್ತು ಎಂದು ಎಕ್ಸ್-ಮೆನ್ 167ರಲ್ಲಿ ಬಯಲಾಗುತ್ತದೆ. ಪುಣ್ಯಕ್ಕೆ ಅದನ್ನು ಅವನ ತಪ್ಪು ಎನ್ನಲಾಗದು. ಆದರೂ ಯೋಚಿಸಿ, ಶಾಲೆಯ ದಾಖಲಾತಿಯೇ ಹಾಗೆ ಆಗಿದ್ದು.

ಮ್ಯಾಗ್ನೆಟೋ ಹೆಡ್‌ಮಾಸ್ಟರ್ ಆದ ಮೇಲಿನ ಸಂಚಿಕೆಗಳನ್ನು ನಾನು ಹಳೇಸಂಚಿಕೆಯವರಷ್ಟು ಮೆಚ್ಚಲಾರೆ. ನ್ಯೂ ಮ್ಯೂಟಂಟ್ಸ್ 37ರಲ್ಲಿ ಸರ್ವಶಕ್ತನಂಥ ಬಿಯಾಂಡರ್ ಬಂದು ಮಕ್ಕಳನ್ನೆಲ್ಲ ಕೊಂದು, ಆಮೇಲೆ ಬದುಕಿಸಿದ. ಬದುಕಿ ಬಂದವರು ಮಂಕಾಗಿದ್ದರು. ಊಟ ಬೇಡ, ಆಟ ಬೇಡ, ತಾಲೀಮಿನ ಡೇಂಜರ್ ರೂಮಿನಲ್ಲಿ ನಿಲ್ಲುವುದಕ್ಕೂ ಆಗದು. ಇಂಥ ಮಗು ನನ್ನ ತರಗತಿಗೆ ಬಂದರೆ ಮೊದಲು ಮಾಡುವ ಕೆಲಸ ಪಕ್ಕದಲ್ಲಿ ಕೂರುವುದು. ಈತ ಮಾಡಿದ್ದೇನು? ಎಮ್ಮಾ ಫ್ರಾಸ್ಟಳ ಶಾಲೆಗೆ ಟಿಸಿ ಬರೆದುಕೊಟ್ಟ. ಅವಳ ಶಿಷ್ಯ ಎಂಪತ್ ಈತನ ಮನಸ್ಸನ್ನು ತಿರುಗಿಸಿದ್ದ ಅನ್ನುವುದೂ ನಿಜವೇ. ಆದರೆ ತನ್ನ ಕೈಲಾಗದು ಅನ್ನುವ ಭಾವ ಮೊದಲೇ ಒಳಗಿತ್ತು. ಎಂಪತ್ ಅದನ್ನೇ ಒತ್ತಿದ.

ಹಳೇಸಂಚಿಕೆ:
ಮೇಷ್ಟ್ರೇ, ನೀವು ಹೇಳಿದ್ದೇ ನನ್ನ ವಾದಕ್ಕೆ ಬಲ. ಕೈಲಾಗದು ಅಂತ ಅವನಿಗೆ ಅನ್ನಿಸಿತು. ಆಮೇಲೆ ಮಕ್ಕಳನ್ನು ವಾಪಸ್ ತರಲು 40ರಲ್ಲಿ ಹೋದಾಗ ಅವೆಂಜರ್ಸ್ ಜೊತೆಗೇ ಗುದ್ದಾಡಿದ. ಝೇವಿಯರ್‌ಗೆ ಯಾವತ್ತಾದರೂ "ಇದು ನನ್ನಿಂದ ಆಗಲ್ಲ" ಅನ್ನಿಸಿದೆಯಾ? 2006ರಲ್ಲಿ ಮುಗಿದ ಡೆಡ್ಲಿ ಜೆನೆಸಿಸ್ ಓದಿ. 1975ರ ತಂಡಕ್ಕೂ ಮುಂಚೆ ವಿಜ್ಞಾನಿ ಗೆಳತಿ ಮೋಯ್ರಾಳ ಹತ್ತಿರ ಕಲಿಯುತ್ತಿದ್ದ ಇನ್ನೊಂದು ಮಕ್ಕಳ ತಂಡವನ್ನು ಕ್ರಕೋವಾ ಎಂಬ ಜೀವಂತ ದ್ವೀಪಕ್ಕೆ ಕಳಿಸಿದ್ದ. ಅವರು ಸತ್ತರು ಅಂತ ತಿಳಿದು ಸ್ಕಾಟ್‌ನ ನೆನಪಿನಿಂದಲೇ ಅಳಿಸಿದ. ಸತ್ತರು ಅಂದುಕೊಂಡವರಲ್ಲಿ ಒಬ್ಬ ಸ್ಕಾಟ್‌ನ ಸ್ವಂತ ತಮ್ಮ.

ಕೆಂಪುಕನ್ನಡಕ:
ಅದು ಮೂವತ್ತು ವರ್ಷ ಆದಮೇಲೆ ಬರಹಗಾರ ಬ್ರೂಬೇಕರ್ ತುರುಕಿದ್ದು! ಹಿಂದಿನ ಕಥೆಗೆ ಹೊಸ ಪಾಪ ಅಂಟಿಸೋದೇ ಆದ್ರೆ ಯಾರು ಉಳೀತಾರೆ ಗುರೂ.

ಡಗ್ ರ‍್ಯಾಮ್ಸಿ ವಿಷಯ ಯಾಕೆ ಯಾರೂ ಎತ್ತಲ್ಲ? ಯಾವ ಭಾಷೆಯಾದ್ರೂ ತಾನಾಗೇ ಅರ್ಥ ಆಗೋ ಹುಡುಗ. ಅವನು ಮ್ಯೂಟಂಟ್ ಅಂತ ಝೇವಿಯರ್‌ಗೆ ಗೊತ್ತಿತ್ತು. ಹೇಳಲಿಲ್ಲ, ಎಳೆದುಕೊಂಡೂ ಬರಲಿಲ್ಲ. ಈ ಶಕ್ತಿಯಿಂದ ಯಾರಿಗೂ ಅಪಾಯ ಇಲ್ಲ, ಹುಡುಗ ಮಾಮೂಲಿಯಾಗಿ ಬೆಳೀಲಿ ಅಂತ ಬಿಟ್ಟ. ನ್ಯೂ ಮ್ಯೂಟಂಟ್ಸ್ 21ನೇ ಸಂಚಿಕೆಯಲ್ಲಿ ಅನ್ಯಗ್ರಹದ ವಾರ್ಲಾಕ್ ಜೊತೆ ಮಾತಾಡೋಕೆ ಬೇಕು ಅಂತ ಡಗ್‌ನ ಒಳಗೆ ಕರ್ಕೊಂಡು ಬಂದವರು ಮಕ್ಕಳು. ಕೊನೆಗೆ 1988ರಲ್ಲಿ 60ನೇ ಸಂಚಿಕೆ, ರೇನ್‌ಗೆ ಬೀಳಬೇಕಿದ್ದ ಗುಂಡಿಗೆ ಅಡ್ಡ ನಿಂತು ಸತ್ತ. ಆಗ ಹೆಡ್‌ಮಾಸ್ಟರ್ ನಿಮ್ಮ ಮ್ಯಾಗ್ನೆಟೋ.

ಹಳೇಸಂಚಿಕೆ:
ಅವನಿಗೆ ಹೇಳದೆ ಕೇಳದೆ ಹೋಗಿದ್ದರು.

ಕೆಂಪುಕನ್ನಡಕ:
ಯಾಕೆ ಹೇಳದೆ ಹೋದ್ರು ಅನ್ನೋದೇ ಪ್ರಶ್ನೆ ಅಲ್ವಾ ಸರ್? ಹೇಳಿದ್ರೆ ಬೀಗ ಹಾಕ್ತಿದ್ದ.

ನೀಲಿಶಾಯಿ:
ನಾನು ಚಿತ್ರ ಬಿಡಿಸೋಳು, ಕಥೆಗಿಂತ ಪುಟ ಮೊದಲು ಕಾಣುತ್ತೆ. 1984, ನ್ಯೂ ಮ್ಯೂಟಂಟ್ಸ್ 18. ಬಿಲ್ ಸಿಯೆನ್‌ಕೆವಿಚ್ ಚಿತ್ರಕಾರನಾಗಿ ಬಂದ ಮೊದಲ ಸಂಚಿಕೆ. ಡ್ಯಾನಿ ಹಿಮದಲ್ಲಿ ಒಬ್ಬಳೇ ನಿಂತಿದ್ದಾಳೆ. ಅವಳ ಅಪ್ಪ ಅಮ್ಮನನ್ನು ತಿಂದಿದ್ದು ಅಂತ ಅವಳು ನಂಬಿರೋ ಕರಡಿ ಎದುರಿಗೆ. ಅವನು ಕರಡಿಗೆ ತುಪ್ಪಳ ಬಿಡಿಸೋಕೇ ಹೋಗಿಲ್ಲ, ಪುಟದ ಮುಕ್ಕಾಲು ಭಾಗಕ್ಕೆ ಕಪ್ಪು ಶಾಯಿ ಸುರಿದು, ಅಂಚನ್ನು ಹರಿದ ಕಾಗದದ ಥರ ಬಿಟ್ಟಿದ್ದಾನೆ. ಉಳಿದ ಬಿಳಿಯಲ್ಲಿ ಹುಡುಗಿ ಬೆರಳುದ್ದ. ಅದಕ್ಕೂ ಮುಂಚೆ ಆ ಪುಸ್ತಕ ನೀಟಾಗಿ, ಮಾಮೂಲಾಗಿ ಇತ್ತು. ಒಂದೇ ತಿಂಗಳಲ್ಲಿ ಬೇರೆ ಪುಸ್ತಕವೇ ಆಯ್ತು. ಆಗ ಎಷ್ಟೋ ಓದುಗರಿಗೆ ಹಿಡಿಸಿರಲಿಲ್ಲ ಅಂತ ಕೇಳಿದೀನಿ, ಪಾಪ.

ಈ ಚರ್ಚೆಗೆ ಸಂಬಂಧ ಏನಂದ್ರೆ, ಕರಡಿ ಬರುತ್ತೆ ಅಂತ ಡ್ಯಾನಿಗೆ ಮೊದಲೇ ಗೊತ್ತು. ಅವಳು ಯಾವ ದೊಡ್ಡವರಿಗೂ ಹೇಳಲ್ಲ, ಒಬ್ಬಳೇ ಅಭ್ಯಾಸ ಮಾಡಿಕೊಂಡು ಒಬ್ಬಳೇ ಹೋಗ್ತಾಳೆ. ಮುಂದಿನ ಸಂಚಿಕೆಯಲ್ಲಿ ಆಸ್ಪತ್ರೆ, ಒಳಗೆ ಆಪರೇಶನ್, ಬಾಗಿಲಲ್ಲಿ ಕಾವಲು ಕೂತಿರೋದು ಓರಗೆಯ ಮಕ್ಕಳೇ. ಝೇವಿಯರ್ ಇದ್ದಾಗಲೂ ಹೇಳದೆ ಹೋಗ್ತಿದ್ರು, ಮ್ಯಾಗ್ನೆಟೋ ಇದ್ದಾಗಲೂ ಹೇಳದೆ ಹೋಗ್ತಿದ್ರು.

ಕಡಲತಡಿ:
ನೀಲಿಶಾಯಿಯವರು ಹೇಳಿದ್ದು ಸರಿಯುಂಟು. ಆದರೆ ಇಷ್ಟು ಹೊತ್ತಾದರೂ ಎಮ್ಮಾ ಫ್ರಾಸ್ಟ್ ಪರ ಒಬ್ಬರೂ ಮಾತಾಡುವುದಿಲ್ಲ ಅಲ್ವಾ ಮಾರಾಯ್ರೆ, ಬೇಜಾರು.

ಹಳೇಸಂಚಿಕೆಯವರ ಅಳತೆಗೋಲೇ ಹಿಡಿಯುವ, ಏಟು ಬಿದ್ದ ಮೇಲೆ ಎಂತ ಮಾಡಿದರು ಅಂತ. 1991, ಎಕ್ಸ್-ಮೆನ್ 281. ಟ್ರೆವರ್ ಫಿಟ್ಜ್‌ರಾಯ್ ಎಂಬ ಖಳ ಬಂದು ಅವಳ ಶಾಲೆಯ ಹೆಲಿಯನ್ಸ್ ತಂಡದ ಮಕ್ಕಳನ್ನು ಕೊಂದ. ಅವಳು ಕೋಮಾಕ್ಕೆ ಹೋದಳು. ಆ ಮಕ್ಕಳನ್ನು ಅವಳು ಬೆಳೆಸಿದ್ದು ತನ್ನ ಸ್ವಾರ್ಥಕ್ಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಚ್ಚರ ಆದ ಮೇಲೆ ಅವಳು ಮಾಡಿದ್ದು ಎಂತ? 1994ರಲ್ಲಿ ಜನರೇಶನ್ ಎಕ್ಸ್, ಸ್ಕಾಟ್ ಲಾಬ್‌ಡೆಲ್ ಮತ್ತು ಕ್ರಿಸ್ ಬಚಾಲೊ. ಅದೇ ಮ್ಯಾಸಚೂಸೆಟ್ಸ್ ಅಕಾಡೆಮಿಯಲ್ಲಿ ಹಳೇ ಎಕ್ಸ್-ಮೆನ್ ಬ್ಯಾನ್ಶೀ ಜೊತೆ ಕೂತು ಪುನಃ ಪಾಠ ಮಾಡಲಿಕ್ಕೆ ಶುರು ಮಾಡಿದಳು. ಮಕ್ಕಳು ಸತ್ತ ಮೇಲೆ ಝೇವಿಯರ್ ಹೊಸ ಮಕ್ಕಳನ್ನು ತಂದ. ಇವಳಿಗೆ ಸತ್ತವರು ಮರೆಯಲೇ ಇಲ್ಲ.

ಮತ್ತೆ 2004ರ ಆಸ್ಟಾನಿಶಿಂಗ್ ಎಕ್ಸ್-ಮೆನ್. ಕಿಟ್ಟಿ ಟೀಚರಾಗಿ ವಾಪಸು ಬರುವುದು ಉಂಟಲ್ಲ, ಅವಳೇ ಬೇಕು ಅಂತ ಕೇಳಿದ್ದು ಎಮ್ಮಾ. ತನ್ನನ್ನು ಎಂದಿಗೂ ನಂಬದವಳು ಒಬ್ಬಳು ಪಕ್ಕದಲ್ಲೇ ಇರಲಿ ಅಂತ. ಯಾವ ಹೆಡ್‌ಮಾಸ್ಟರಿಗೆ ಇಷ್ಟು ಧೈರ್ಯ ಉಂಟು ಹೇಳಿ ನೋಡುವ?

ಗೋಡೆದಾಟು:
ಕಡಲತಡಿಯವರೇ, ಕಿಟ್ಟಿ ಪಾರ್ಟಿಯಿಂದ ಈ ಒಂದು ಅಂಕ ನಿಮಗೆ. ಆದರೆ ಎಮ್ಮಾ ಬದಲಾಗೋಕೆ ಒಂದು ತರಗತಿಯಷ್ಟು ಮಕ್ಕಳು ಸಾಯಬೇಕಾಯ್ತು ಅನ್ನೋದು ಗಂಟಲಲ್ಲಿ ಇಳಿಯಲ್ಲ. ದೊಡ್ಡವರ ಕಥೆ ಪಕ್ವ ಆಗೋಕೆ ಮಕ್ಕಳ ಹೆಣ ಬೀಳಿಸೋದು ಈ ಪುಸ್ತಕಗಳ ಕೆಟ್ಟ ಚಾಳಿ. 2006ರಲ್ಲಿ ನ್ಯೂ ಎಕ್ಸ್-ಮೆನ್‌ನಲ್ಲಿ ಶಕ್ತಿ ಕಳಕೊಂಡು ಮನೆಗೆ ಹೊರಟಿದ್ದ ಮಕ್ಕಳ ಬಸ್ಸನ್ನೇ ಸಿಡಿಸಿದರು. ಆ ಮಕ್ಕಳಲ್ಲಿ ಎಷ್ಟು ಜನರ ಹೆಸರು ಓದುಗರಿಗೆ ನೆನಪಿದೆ? ಅದನ್ನು ಓದಿದ ಮೇಲೆ ಕೆಲವು ಕಾಲ ಎಕ್ಸ್-ಮೆನ್ ಕೊಳ್ಳೋದನ್ನೇ ಬಿಟ್ಟಿದ್ದೆ.

ವೀರಗಾಸೆ:
ದ್ರೋಣಾಚಾರ್ಯರೂ ಏಕಲವ್ಯನಿಗೆ ಇದನ್ನೇ ತಾನೇ ಮಾಡಿದ್ದು? ನಮ್ಮಲ್ಲಿ ಇದೆಲ್ಲ ಸಾವಿರಾರು ವರ್ಷದ ಹಿಂದೇನೇ ಬರೆದಿಟ್ಟಿದ್ದಾರೆ.

ನೀಲಿಶಾಯಿ:
ಬಂದ್ರಪ್ಪಾ. ಯಾವ ಚರ್ಚೆ ಇದ್ರೂ ಕೊನೆಗೆ ದ್ರೋಣಾಚಾರ್ಯರು ಹಾಜರ್. ಇಲ್ಲಿ ಯಾರೂ ಮಕ್ಕಳನ್ನ ಹೊರಗೆ ನಿಲ್ಲಿಸ್ತಿಲ್ಲ ಅಣ್ಣ, ಬಾ ಬಾ ಅಂತ ಒಳಗೆಳೀತಿದಾರೆ, ತೊಂದರೆ ಇರೋದೇ ಅಲ್ಲಿ.

ಮೇಷ್ಟ್ರು72:
ನನ್ನ ಮತ ಸ್ಟೀವಿ ಹಂಟರ್‌ಗೆ. ಎಷ್ಟು ಜನರಿಗೆ ನೆನಪಿದೆಯೋ ಕಾಣೆ. ಸೇಲಂ ಸೆಂಟರಿನಲ್ಲಿ ನೃತ್ಯಶಾಲೆ ಇಟ್ಟುಕೊಂಡಿದ್ದ ಸಾಮಾನ್ಯ ಹೆಂಗಸು, ಮ್ಯೂಟಂಟ್ ಅಲ್ಲ. ಕಾಲಿಗೆ ಪೆಟ್ಟಾಗಿ ಸ್ವಂತ ನೃತ್ಯಜೀವನ ಮುಗಿದಿತ್ತು. ಕಿಟ್ಟಿ ವಾರವಾರ ಅವಳ ಹತ್ತಿರ ಕಲಿಯಲು ಹೋಗುತ್ತಿದ್ದಳು. ಆಮೇಲೆ ನ್ಯೂ ಮ್ಯೂಟಂಟ್ಸ್ ಮಕ್ಕಳಿಗೂ ವ್ಯಾಯಾಮ ಹೇಳಿಕೊಟ್ಟಳು. ಅವಳಿಗೆ ಯಾವ ಕನಸಿನ ಸೇನೆಯೂ ಬೇಕಿರಲಿಲ್ಲ, ಹುಡುಗಿ ಕಾಲು ಸರಿಯಾಗಿ ಇಡಬೇಕಿತ್ತು ಅಷ್ಟೇ. ಬರಹಗಾರರಿಗೂ ಅವಳನ್ನು ಏನು ಮಾಡಬೇಕೋ ಗೊತ್ತಾಗಲಿಲ್ಲ ಅಂತ ಕಾಣುತ್ತದೆ, ಬರುಬರುತ್ತಾ ಪುಟಗಳಿಂದಲೇ ಮರೆಯಾದಳು.

ಇನ್ನೊಂದು, 1986ರ ನ್ಯೂ ಮ್ಯೂಟಂಟ್ಸ್ 45. ಲ್ಯಾರಿ ಬೋಡೈನ್ ಎಂಬ ಊರಿನ ಹುಡುಗ, ಬೆಳಕಿನಿಂದ ಶಿಲ್ಪ ಮಾಡಬಲ್ಲವನು. ತಾನು ಮ್ಯೂಟಂಟ್ ಎಂಬುದು ಯಾರಿಗೂ ಗೊತ್ತಾಗಬಾರದೆಂದು ಮ್ಯೂಟಂಟ್‌ಗಳ ಮೇಲೆ ತಾನೇ ಜೋಕು ಹೇಳುತ್ತಾನೆ. ಕಿಟ್ಟಿ ಮತ್ತು ಗೆಳೆಯರು ಮುಖ ತಿರುಗಿಸುತ್ತಾರೆ. ಸಹಪಾಠಿಗಳು ತಮಾಷೆಗೆಂದು ಎಕ್ಸ್-ಫ್ಯಾಕ್ಟರ್‌ಗೆ ಹಿಡಿದುಕೊಡುತ್ತೇವೆ ಎಂದು ಹೆದರಿಸುತ್ತಾರೆ. ಆಗ ಎಕ್ಸ್-ಫ್ಯಾಕ್ಟರ್ ಹೊರಗಿನವರಿಗೆ ಮ್ಯೂಟಂಟ್ ಹಿಡಿಯುವ ಕಂಪನಿ, ನಡೆಸುತ್ತಿದ್ದವರು ಝೇವಿಯರ್‌ನ ಮೊದಲ ಐವರು ಶಿಷ್ಯರೇ. ಹುಡುಗ ಜೀವ ಕಳೆದುಕೊಂಡ. ಅವನ ಸ್ಮರಣೆಯ ಸಭೆಯಲ್ಲಿ ಕಿಟ್ಟಿ ಎದ್ದು ನಿಂತು ಮಾತಾಡುವ ಪುಟಗಳನ್ನು ನಾನು ಪ್ರತಿವರ್ಷ ಒಂಬತ್ತನೇ ತರಗತಿಗೆ ಕನ್ನಡದಲ್ಲಿ ಹೇಳುತ್ತೇನೆ. ಶಾಲೆಯಿಂದ ಮೈಲಿ ದೂರವಿಲ್ಲದ ಹುಡುಗನನ್ನು ಆ ಮಹಾಗುರುಗಳಲ್ಲಿ ಒಬ್ಬರೂ ಕಂಡುಕೊಳ್ಳಲಿಲ್ಲ.

ಈಗಷ್ಟೇಬಂದೆ:
ಸರ್, ಓದ್ತಾ ಮೈ ಜುಂ ಅಂತು. ಇದು ಎಲ್ಲಿ ಸಿಗುತ್ತೆ?

ಹಳೇಸಂಚಿಕೆ:
ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ನಲ್ಲಿ ಹುಡುಕಿ. ಪುಸ್ತಕವೇ ಬೇಕಂದ್ರೆ ನ್ಯೂ ಮ್ಯೂಟಂಟ್ಸ್ ಎಪಿಕ್ ಕಲೆಕ್ಷನ್ ಸಂಪುಟಗಳಿವೆ, ಬೆಲೆ ಕೈ ಸುಡುತ್ತೆ. ಬೆಂಗಳೂರಿನವರಾದ್ರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಪಾಟು ಜಾಲಾಡಿ, ಅದೃಷ್ಟ ಇದ್ರೆ ಸಿಗುತ್ತೆ.

ಧಾರವಾಡಪೇಡೆ:
ಲೋಗನ್ ಬಗ್ಗೆ ಯಾರೂ ಬಾಯಿ ಬಿಡವಲ್ರಿ. ಸಾಲಿ ತಗೀತೀನಿ ಅಂತ ಅಂವಾ ಎಂದೂ ಅಂದಾವಲ್ಲ. ಆದ್ರ ಜಪಾನಿನಾಗ ಕಿಟ್ಟಿ ದಿಕ್ಕು ತಪ್ಪಿದಾಗ ಹಿಂದ ಹೋದಾವ ಅಂವನ. 1989ರಾಗ ಆಸ್ಟ್ರೇಲಿಯಾದ ಮರಳುಗಾಡಿನಾಗ ರೀವರ್ಸ್ ಅನ್ನೋ ಖಳರ ಗುಂಪು ಅಂವನ್ನ ಕಟ್ಟಿಗೀಗೆ ಬಡದು ನಿಲ್ಲಿಸಿದಾಗ ಎಬ್ಬಿಸಿಕೊಂಡು ಹೋದಾಕಿ ಜೂಬಿಲಿ, ಮನಿಮಾರು ಇಲ್ಲದ ಸಣ್ಣ ಹುಡುಗಿ. ಗುರುವನ್ನ ಶಿಷ್ಯಳ ಹೊತ್ತು ತಂದಾಳ. ಮುಂದ ಇಬ್ಬರೂ ಕೂಡೇ ಊರೂರು ಅಡ್ಯಾಡಿದ್ರು.

ಕೆಂಪುಕನ್ನಡಕ:
ಅದೇ ಲೋಗನ್ 2011ರ ಸ್ಕಿಸಂ ಕಥೆಯಲ್ಲಿ, ಆಗ ನಾಯಕನಾಗಿದ್ದ ನಮ್ಮ ಸ್ಕಾಟ್ ಮೇಲೆ ಬಿದ್ದಿದ್ದು. ನೈಜೀರಿಯಾದ ಹುಡುಗಿ ಈಡಿ, ಹದಿನಾಲ್ಕು ವರ್ಷ. ಮ್ಯೂಸಿಯಂ ಒಳಗೆ ಹೆಲ್‌ಫೈರ್ ಸೈನಿಕರು, ಹೊರಗಿಂದ ಯಾರೂ ತಲುಪೋಕೆ ಆಗ್ತಿಲ್ಲ. ಏನು ಮಾಡಲಿ ಅಂತ ಕೇಳ್ತಾಳೆ, ನಿನಗೆ ಸರಿ ಅನ್ನಿಸಿದ್ದು ಮಾಡು ಅಂತಾನೆ ಸ್ಕಾಟ್. ಅವಳು ಕೊಲ್ತಾಳೆ. ನನ್ನ ಹೆಸರೇ ಕೆಂಪುಕನ್ನಡಕ, ಸ್ಕಾಟ್ ಹಾಕೋದೇ ಅದು, ಆದ್ರೂ ಆ ಪುಟದಲ್ಲಿ ಅವನ ಪರ ನಿಲ್ಲೋಕೆ ಆಗಲ್ಲ. ಆದ್ರೆ ಒಂದು ಕೇಳ್ತೀನಿ. ಹದಿಹರೆಯದಲ್ಲೇ ಸೇನಾನೆಲೆಗೆ ಅಟ್ಟಿಸಿಕೊಂಡ ಹುಡುಗ ದೊಡ್ಡವನಾದಾಗ ಇನ್ನೇನು ಕಲಿಸ್ತಾನೆ? ಅವನಿಗೆ ಗೊತ್ತಿದ್ದ ಶಾಲೆ ಅದೊಂದೇ.

ಹಳೇಸಂಚಿಕೆ:
ನೋಡಿ, ಈಗ ನೀವೇ ನನ್ನ ವಾದ ಮಾಡ್ತಿದ್ದೀರಿ.

ಗೋಡೆದಾಟು:
ಇಲ್ಲ, ತಾಳಿ. ಝೇವಿಯರ್ ಪರ ಒಂದು ಮಾತು ನಾನೇ ಹೇಳಬೇಕು. ಏಪ್ರಿಲ್ 1983ರ ಎಕ್ಸ್-ಮೆನ್ 168ನೇ ಸಂಚಿಕೆ, ಪಾಲ್ ಸ್ಮಿತ್ ಚಿತ್ರ. ಮೊದಲ ಪುಟ ತುಂಬಾ ಕಿಟ್ಟಿ ನಿಂತು "ಪ್ರೊಫೆಸರ್ ಝೇವಿಯರ್ ಒಬ್ಬ ದರಿದ್ರ ಮನುಷ್ಯ" ಅನ್ನೋ ಅರ್ಥದಲ್ಲಿ ಕಿರುಚ್ತಾಳೆ. ಅವಳನ್ನು ಎಕ್ಸ್-ಮೆನ್‌ನಿಂದ ಇಳಿಸಿ ನ್ಯೂ ಮ್ಯೂಟಂಟ್ಸ್‌ಗೆ ಹಾಕಿದ್ದ. ಕಾರಣ ವಯಸ್ಸು. ಅಂದ್ರೆ ಈ ಚರ್ಚೆಯಲ್ಲಿ ನಾವೆಲ್ಲ ಅವನು ಮಾಡಬೇಕಿತ್ತು ಅಂತಿರೋದನ್ನೇ ಅವನು ಮಾಡಿದ್ದ! ಮಗುವನ್ನು ಯುದ್ಧದಿಂದ ತೆಗೆದು ತರಗತಿಗೆ ಕೂರಿಸಿದ್ದ. ಆ ಹುಡುಗಿ ಸಂಚಿಕೆಯುದ್ದಕ್ಕೂ ಸಿಟ್ಟು ಮಾಡಿಕೊಂಡು, ವಾದಿಸಿ, ಕೊನೆಗೆ ಬೇಸ್‌ಮೆಂಟಿನಲ್ಲಿ ಒಬ್ಬಳೇ ಅಪಾಯ ಎದುರಿಸಿ ತೋರಿಸಿದ ಮೇಲೆ ಅವನು ತೀರ್ಮಾನ ಬದಲಿಸ್ತಾನೆ. ಅದನ್ನು ಚಿಕ್ಕವಳಿದ್ದಾಗ ಓದಿ ಕುಣಿದಾಡಿದ್ದೆ. ಈಗ ಮನೆಯಲ್ಲಿ ಹದಿಮೂರರ ಮಗಳಿದ್ದಾಳೆ, ಅವನು ಮೊದಲು ಹೇಳಿದ್ದೇ ಸರಿ ಅನ್ನಿಸುತ್ತೆ. ಆದ್ರೆ ಆ ಮುಖಕ್ಕೆ ಮುಖ ಕೊಟ್ಟು ಜಗಳ ಆಡೋಕೆ ಜಾಗ ಇದ್ದ ಶಾಲೆ ಅದು ಅನ್ನೋದೂ ನಿಜ. ಎಮ್ಮಾಳ ಹೆಲಿಯನ್ಸ್ ಯಾರಾದರೂ ಹಾಗೆ ಕಿರುಚಿದ್ದನ್ನು ಓದಿದ್ದೀರಾ?

ಕಡಲತಡಿ:
ಹೆಲಿಯನ್ಸ್‌ನಿಂದ ಜೇಮ್ಸ್ ಪ್ರೌಡ್‌ಸ್ಟಾರ್ ಬಿಟ್ಟು ಹೋದ ಅಲ್ವಾ, ಜಾನ್‌ನ ತಮ್ಮ. ಕಿರುಚಲಿಲ್ಲ, ಎದ್ದು ಹೋದ. ಹಾಗಾಗಿ ಬದುಕಿದ.

ಮೇಷ್ಟ್ರು72:
ಕಿರುಚುವ ಮಕ್ಕಳ ಬಗ್ಗೆ ಚಿಂತೆ ಇಲ್ಲ ತಾಯಿ, ಸುಮ್ಮನೆ ಕೂರುವವರದೇ ಚಿಂತೆ. ಡ್ಯಾನಿ, ಲ್ಯಾರಿ ಇಬ್ಬರೂ ಯಾರ ಮೇಲೂ ಕೂಗಾಡಿರಲಿಲ್ಲ.

ನೀಲಿಶಾಯಿ:
ಅದೇ ಶಾಲೆಯ ವಿದ್ಯಾರ್ಥಿ ಕ್ವೆಂಟಿನ್ ಕ್ವೈರ್‌ನ ಮರೀಬೇಡಿ. 2003, ಮಾರಿಸನ್ ಬರೆದ ಗಲಭೆಯ ಕಥೆ. ಕ್ವೈಟ್ಲಿ ಬಿಡಿಸಿದ ಆ ಟೀಶರ್ಟು, "ಮ್ಯಾಗ್ನೆಟೋ ಹೇಳಿದ್ದೇ ಸರಿ" ಅಂತ. ಅವನು ಸಾಕಷ್ಟು ಕಿರುಚಿದ, ಏನಾಯ್ತು? ಎಮ್ಮಾಳ ಐದು ಅವಳಿಯಂಥ ಹುಡುಗಿಯರಲ್ಲಿ ಸೋಫಿ ಸತ್ತಳು. ಝೇವಿಯರ್ ಕೆಲಸ ಬಿಡ್ತೀನಿ ಅಂದ.

ಕೆಂಪುಕನ್ನಡಕ:
ಬಿಡ್ತೀನಿ ಅಂದನಲ್ಲ, ಕೊನೆಗೂ! ಹಳೇಸಂಚಿಕೆಯವರೇ, "ಇದು ನನ್ನಿಂದ ಆಗಲ್ಲ" ಅಂತ ಅವನಿಗೆ ಅನ್ನಿಸಿದ್ದು ಇಲ್ಲಿದೆ, ತಗೊಳ್ಳಿ.

ಹಳೇಸಂಚಿಕೆ:
ನಲವತ್ತು ವರ್ಷ ತಡ.

ವೀರಗಾಸೆ:
ಸರಿ, ದ್ರೋಣರನ್ನು ಬಿಟ್ಟೆ. ಕೇಬಲ್? ಆ ಸೈನಿಕ 1990ರಲ್ಲಿ ನ್ಯೂ ಮ್ಯೂಟಂಟ್ಸ್ 87ನೇ ಸಂಚಿಕೆಯಲ್ಲಿ ಬಂದು ನೂರರ ಹೊತ್ತಿಗೆ ಇಡೀ ಕ್ಲಾಸನ್ನೇ ಎಕ್ಸ್-ಫೋರ್ಸ್ ಎಂಬ ಹೋರಾಟದ ದಳ ಮಾಡಿದ. ಸುಳ್ಳಿಲ್ಲ, ನೆಲಮಾಳಿಗೆ ಇಲ್ಲ, ಕೈಗೊಂದು ದೊಡ್ಡ ಬಂದೂಕು, ಮುಗೀತು.

ಗೋಡೆದಾಟು:
ಕೇಬಲ್ ಮೇಷ್ಟ್ರಲ್ಲ, ಎನ್‌ಸಿಸಿ ಮಾಸ್ಟರ್. ಅವನ ಕೈಕೆಳಗೆ ಇದ್ದೂ ಸ್ಯಾಮ್ ಗಥ್ರಿ ಒಳ್ಳೆಯವನಾಗೇ ಉಳಿದ ಅಂದ್ರೆ ಅದರ ಶ್ರೇಯಸ್ಸು ಕೆಂಟಕಿಯ ಅವನ ಅಮ್ಮನಿಗೆ ಹೋಗಬೇಕು.

ಧಾರವಾಡಪೇಡೆ:
ಹಂಗಾರ ನನ್ನ ಓಟು ಬದಲಿ ಮಾಡ್ರಿ, ಗಥ್ರಿ ಅವ್ವಗ. ಅಷ್ಟು ಮಕ್ಕಳನ್ನ ಒಬ್ಬಾಕೀನ ಸಾಕ್ಯಾಳ, ಅದರಾಗ ಎಷ್ಟೋ ಮಂದಿ ಮ್ಯೂಟಂಟ್. ಝೇವಿಯರ್‌ಗ ಇದ್ದಂಗ ಬಂಗಲೆ ಒಂದು ಇರಲಿಲ್ಲ ನೋಡ್ರಿ.